ಒಂದೇ ಹೊಲ, ಹತ್ತು ಮಣ್ಣು

ಹೆಗಲಿಗೆ ಮಣ್ಣು ತೆಗೆಯುವ ಕೊಳವೆ ನೇತುಹಾಕಿಕೊಂಡು, ಮೊಬೈಲ್ ನಕ್ಷೆ ನೋಡುತ್ತಾ ಕೊಳ್ಳೇಗಾಲ, ಹನೂರು, ಯಳಂದೂರಿನ ಹೊಲಗಳಲ್ಲಿ ಓಡಾಡುವವನಿಗೆ ನಗೋದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ನನ್ನ ಕೆಲಸ ಇಷ್ಟೇ: ಹೊಲವನ್ನು ಚೌಕ ಚೌಕವಾಗಿ ಭಾಗ ಮಾಡಿ, ಪ್ರತಿ ಚೌಕದ ಮಣ್ಣನ್ನೂ ಬೇರೆಯಾಗಿ ಪರೀಕ್ಷೆಗೆ ಕೊಟ್ಟು, ಎಲ್ಲಿಗೆ ಯಾವ ಗೊಬ್ಬರ ಎಷ್ಟು ಬೇಕು ಅಂತ ಹೇಳೋದು.

ನೆಂಟರ ಮರ್ಯಾದೆ

ಧನಗೆರೆಯ ರೈತರೊಬ್ಬರು ನಾನು ಹೋಗುವಷ್ಟರಲ್ಲೇ ಮಣ್ಣು ತೆಗೆದಿಟ್ಟಿದ್ದರು. ಕರ್ರಗೆ, ಪುಡಿಪುಡಿಯಾಗಿ, ನೋಡಲು ಚೆಂದವಿತ್ತು. ಎಲ್ಲಿಯದು ಅಂದರೆ ತಿಪ್ಪೆ ಪಕ್ಕದ್ದಂತೆ. ಬೆಳೆ ಸೊರಗೋ ಜಾಗದ ಮಣ್ಣೇ ಮುಖ್ಯ ಅಂದೆ. ಅವರಿಗೆ ಸರಿಬರಲಿಲ್ಲ.

"ನೆಂಟ್ರು ಬಂದಾಗ ಅಳಸೋದ ಅನ್ನ ಬಡ್ಸಕ್ಕಾಯ್ತದಾ ಸಾ?"

ಕಾಲು ನೋವಿಗೆ ಡಾಕ್ಟರ ಹತ್ತಿರ ಕೈ ತೋರಿಸುತ್ತೀರಾ ಅಂತ ಕೇಳಿದ ಮೇಲೆ ಒಪ್ಪಿ, ಮೂಲೆಯಲ್ಲಿ ಬಿಳಿಚಿಕೊಂಡಿದ್ದ ಜಾಗಕ್ಕೆ ಕರೆದೊಯ್ದರು. ನಾನು ಕೊಳವೆ ಇಳಿಸುವ ಮುಂಚೆ ಅಲ್ಲಿಗೆ ಒಂದು ಚೊಂಬು ನೀರು ಚಿಮುಕಿಸಿದರು.

"ಮೊಕನಾದ್ರೂ ತೊಳ್ದಿರ್ಲಿ."

ಊರಿಗೆ ವಾಪಸ್

ಯಳಂದೂರಿನ ಹತ್ತಿರ ಒಬ್ಬರು ಅಜ್ಜಿ, ತಾವೇ ನಿಂತು ರಾಗಿ ಬೆಳೆಯುವವರು. ನಾನು ಮಣ್ಣಿನ ಚೀಲಗಳನ್ನು ಬೈಕಿಗೆ ಕಟ್ಟುವಾಗ, ಪರೀಕ್ಷೆ ಮುಗಿದು ಉಳಿದದ್ದನ್ನು ವಾಪಸ್ ತರಬೇಕು ಅಂತ ಮಾತು ತಗೊಂಡರು. ಅವರಪ್ಪ ಕಲ್ಲು ಆಯ್ದು ಆಯ್ದು ಹದ ಮಾಡಿದ ಹೊಲವಂತೆ.

ಸರಿ, ತಂದೆ. ಜೊತೆಗೆ ಸಿಹಿ ಸುದ್ದಿಯೂ ಇತ್ತು: ಎರಡು ಚೌಕ ಬಿಟ್ಟರೆ ಮಿಕ್ಕ ಹೊಲವೆಲ್ಲ ಗಟ್ಟಿಮುಟ್ಟು. ಅಜ್ಜಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಅಂಗೈಯಲ್ಲಿಟ್ಟುಕೊಂಡು, ಹಾಸ್ಟೆಲಿಂದ ಬಂದ ಮೊಮ್ಮಗನನ್ನು ನೋಡುವಂತೆ ನೋಡಿದರು.

"ಇಲ್ಲಿದ್ದಾಗ ಕೆಂಪ್ಗೆ ತುಂಬ್ಕಂಡಿತ್ತು. ನಿಮ್ಮ ಲ್ಯಾಬ್ನಲ್ಲಿ ಸೊರಗೋಗದೆ ಕಣಪ್ಪ."

ಖಾಲಿ ಹಿಡಿ

ಕೌದಳ್ಳಿಯ ಜೋಳದ ರೈತರೊಬ್ಬರ ಹೊಲದಲ್ಲಿ ಮೇಲಿನರ್ಧದ ಪೈರು ಪ್ರತಿ ವರ್ಷ ಮೊಣಕಾಲಿಗೇ ನಿಂತುಬಿಡುತ್ತಿತ್ತು. ಪರೀಕ್ಷೆ ಮಾಡಿಸಿದರೆ ಅಲ್ಲಿ ಸತುವಿನ ಕೊರತೆ. ಕೆಳಗಿನರ್ಧದಲ್ಲಿ ಹಳೇ ಗೊಬ್ಬರವೇ ಬೇಕಾದಷ್ಟಿತ್ತು. ಈ ಸಲ ಬಿತ್ತನೆ ಹೊತ್ತಿಗೆ ಕೆಳಗೆ ಗೊಬ್ಬರ ಬೇಡ, ಮೇಲಕ್ಕೆ ಮಾತ್ರ ಸತು ಸೇರಿಸಿ ಹಾಕಿ ಅಂದೆ.

ಅವರಿಗೆ ಅರ್ಥವಾಯಿತು. ಆದರೆ ಅರ್ಧ ಹೊಲ ಹಾಗೇ ಬಿಟ್ಟರೆ ಊರಲ್ಲಿ ಇವನ ಕೈ ಖಾಲಿಯಾಗಿದೆ ಅಂದುಕೊಳ್ಳುತ್ತಾರೆ ಅನ್ನೋ ಚಿಂತೆ. ಅದಕ್ಕೇ ಮೇಲಿನರ್ಧಕ್ಕೆ ಗೊಬ್ಬರ ಎರಚಿ ಮುಗಿಸಿ, ಖಾಲಿ ಮಂಕರಿ ಹಿಡಿದು ಕೆಳಕ್ಕಿಳಿದು, ಅಷ್ಟೇ ಗತ್ತಿನಲ್ಲಿ ಬರಿಗೈ ಬೀಸುತ್ತಾ ಹೊಲದುದ್ದಕ್ಕೂ ನಡೆದರಂತೆ. ಪಕ್ಕದ ಹೊಲದವರು ಬದುವಿನ ಮೇಲೆ ನಿಂತು ಎಲ್ಲ ನೋಡುತ್ತಿದ್ದರಂತೆ.

ಆ ಸಲ ಮೇಲೂ ಕೆಳಗೂ ಜೋಳ ಒಂದೇ ಎತ್ತರ ಬಂತು. ರೈತರು ನನಗೆ ಫೋನ್ ಮಾಡಿ ಕರೆಸಿ, ಬದುವಿನಿಂದ ಬದುವಿಗೆ ನಡೆಸಿ ತೋರಿಸಿದರು. ವಾಪಸ್ ಹೊರಟಾಗ ಪಕ್ಕದ ಹೊಲದವರು ನನ್ನ ಬೈಕಿಗೆ ಅಡ್ಡ ನಿಂತರು. ತಮ್ಮ ಹೊಲದ ಮಣ್ಣೂ ತಗೊಂಡು ಹೋಗಬೇಕಂತೆ. ಆಗಲಿ ಅಂದೆ. ಹತ್ತಿರ ಬಂದು ದನಿ ತಗ್ಗಿಸಿದರು.

"ಚೀಟೀಲಿ ಆ ಕಣ್ಗೆ ಕಾಣ್ದಿರೋ ಗೊಬ್ರಾನೇ ಬರ್ಕೊಡಿ ಸಾ. ಅನೂರಲ್ಲಿ ಎಲ್ಲಾ ಅಂಗ್ಡೀಲೂ ಕೇಳ್ದೆ, ಸ್ಟಾಕ್ ಇಲ್ವಂತೆ."