ಲೋಡರಿನ ಬಕೆಟ್ಟಿಗೆ ನಾನು ಹಾಕಿದ ತೇಪೆ

ಕೌದಿ ಹೊಲಿಯಲು ಬರುವ ಹೆಂಗಸಿಗೆ ಕಬ್ಬಿಣ ಹೊಲಿಯಲು ಬಾರದೇ ಇರಲು ಸಾಧ್ಯವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಹರಿದ ಕಡೆ ತುಂಡು ಇಡಬೇಕು, ಸುತ್ತಲೂ ಹೊಲಿಗೆ ಹಾಕಬೇಕು. ಅಲ್ಲಿ ಸೂಜಿ, ಇಲ್ಲಿ ವೆಲ್ಡಿಂಗ್ ರಾಡು. ಇಷ್ಟೇ ವ್ಯತ್ಯಾಸ! ನಾನು ಸೋಲಾಪುರದ ಚಾದರ ವ್ಯಾಪಾರಸ್ಥರ ಮಗಳು. ತೇಪೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಹರಿದದ್ದು ನಮ್ಮ ಲೋಡರಿನ ಬಕೆಟ್ಟು. ಲೋಡರೆಂದರೆ ಮಣ್ಣು, ದಾರಿಗೆ ಹಾಕುವ ಗರಸು ಅಂದರೆ ಮುರುಮು ಬಾಚಿ ಟ್ರಾಲಿಗೆ ಸುರಿಯುವ ಹಳದಿ ಯಂತ್ರ. ಅದರ ಮುಂದಿರುವ ಕಬ್ಬಿಣದ ದೊಡ್ಡ ಬಾಯಿಗೇ ಬಕೆಟ್ಟು ಎನ್ನುತ್ತಾರೆ. ನಮ್ಮವರು ಅದನ್ನು ಕೊಂಡಾಗಲೇ ಅದು ಮುದುಕ. ಆದರೂ ಅಕ್ಕಲಕೋಟ ರಸ್ತೆಯ ಹಳ್ಳಿಗಳಲ್ಲಿ ಅವರು ಅದರಿಂದ ಸಮ ಮಾಡದ ಹೊಲವಿಲ್ಲ. ಅವರು ಹೋಗಿ ಒಂದೂವರೆ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಮರವಡೆ ಎಂಬ ಊರಿಗೆ ಕೊಟ್ಟಿದ್ದೇವೆ. ಮನೆಯಲ್ಲಿ ಉಳಿದವರು ಇಬ್ಬರು: ನಾನು ಮತ್ತು ಲೋಡರು.

ದಿನಾ ಬೆಳಗ್ಗೆ ಚಹಾ ಕುಡಿದು ತಗಡಿನ ಶೆಡ್ಡಿಗೆ ಹೋಗಿ, ಕೀಲಿ ತಿರುವಿ, ಹತ್ತು ನಿಮಿಷ ಅದನ್ನು ಚಾಲೂ ಇಡುತ್ತಿದ್ದೆ. ಓಡಿಸಲು ಬರುವುದಿಲ್ಲ, ಚಾಲೂ ಮಾಡಲು ಬರುತ್ತದೆ. ಬ್ಯಾಟರಿ ಸಾಯಬಾರದು ಎಂದು ಕೇಳಿದವರಿಗೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಅದು ಗುಡುಗುಡು ಎನ್ನುವಷ್ಟು ಹೊತ್ತು ಹಿತ್ತಲಲ್ಲಿ ಯಾರೋ ಕೆಲಸಕ್ಕೆ ಹೊರಟಿದ್ದಾರೆ ಅನ್ನಿಸುತ್ತಿತ್ತು. ಬಂದ್ ಮಾಡಿದ ಮೇಲೆ ಮನೆಯಲ್ಲಿ ಗೋಡೆ ಗಡಿಯಾರ ಒಂದೇ ಮಾತಾಡುವುದು.

ನನ್ನ ಮೈದುನ ಮಲ್ಲಿನಾಥನಿಗೆ ಅಕ್ಕಲಕೋಟದಲ್ಲಿ ಗೊಬ್ಬರದ ಅಂಗಡಿ. ಒಂದು ದಿನ ಬಂದವನೇ ಲೋಡರಿನ ಸುತ್ತ ಒಂದು ಸುತ್ತು ಹಾಕಿ ಹೇಳಿದ:

“ವೈನಿ, ಇದನ್ನ ಭಂಗಾರಕ್ಕ ಹಾಕಿಬಿಡೂಣು.”

“ಬಂಗಾರ ಯಾಕಪಾ? ಈ ವಯಸ್ಸಿನಾಗ ನಾ ಎಲ್ಲಿ ಹಾಕ್ಕೊಂಡ ತಿರಗಲಿ?” ಎಂದೆ.

“ಬಂಗಾರ ಅಲ್ರೀ ವೈನಿ, ಭಂಗಾರ! ಮರಾಠಿ ಭಂಗಾರ! ಗುಜರಿ!”

ಒಂದು ಮಹಾಪ್ರಾಣದಲ್ಲಿ ನಮ್ಮವರ ಲೋಡರು ಗುಜರಿಯಾಗಿ ಹೋಯಿತು!

“ಬಕೀಟ ನೋಡ್ರಿ,” ಎಂದ ಮಲ್ಲಿನಾಥ. “ತಳ ತೂತ ಬಿದ್ದೈತಿ. ತುಟಿ ಸವದು ಸವದು ಕಾಗದದ ಹಾಳಿ ಆಗೈತಿ. ತುಂಬಿದ ಮುರುಮ ಅರ್ಧಾ ದಾರ್ಯಾಗ ಸೋರತೈತಿ. ನಮ್ಮ ಹೊಲದ ದಾರಿಗೆ ಇದು ಒಂದs ಒಂದು ಬಕೀಟ ಮುರುಮ ಎತ್ತಿ ಹಾಕ್ಲಿ, ನಾ ಬಾಯಿ ಮುಚ್ಚತೀನಿ. ಇಲ್ಲಂದ್ರ ಬರೂ ಸೋಮವಾರ ಭಂಗಾರದಾಂವನ ಕರಕೊಂಡ ಬರತೀನಿ.”

“ಎತ್ತತೈತಿ,” ಎಂದೆ ನಾನು, ಯಂತ್ರದ ಪರವಾಗಿ.

ಮೇಸ್ತ್ರಿಯನ್ನು ಕರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕರೆದರೆ ಅವನು ಬಂದು, ಕೆಲಸ ಮಾಡಿ, ಸಂಜೆಗೆ ಹೋಗಿಬಿಡುತ್ತಿದ್ದ. ನನಗೆ ಬೇಕಾಗಿದ್ದುದು ಒಂದು ವಾರದ ಕೆಲಸ.

ಮರುದಿನವೇ ಬಸ್ಸು ಹತ್ತಿ ಸೋಲಾಪುರಕ್ಕೆ ಹೋದೆ. ಕಬ್ಬಿಣದ ಅಂಗಡಿಯವನು ಮರಾಠಿಯಲ್ಲಿ “ಯಾವ ರಾಡು ಬೇಕು ತಾಈ?” ಎಂದು ಕೇಳಿದ. ನಾನು ತವರಿನ ಅಂಗಡಿಯ ಅಭ್ಯಾಸಬಲದಿಂದ “ಗಟ್ಟಿ ಇರಬೇಕು, ಬಣ್ಣ ಹೋಗಬಾರದು” ಎಂದೆ. ಅವನು ನನ್ನನ್ನೊಮ್ಮೆ, ರಾಡನ್ನೊಮ್ಮೆ ನೋಡಿದ. ಕಬ್ಬಿಣದ ಪ್ಲೇಟು ಎಷ್ಟು ದಪ್ಪ ಬೇಕೆಂದು ಕೇಳಿದಾಗ ಬೆರಳು ತೋರಿಸಿ “ಧಪಾಟಿ ರೊಟ್ಟಿಯಷ್ಟು” ಎಂದೆ. ಧಪಾಟಿಯಷ್ಟೇ ದಪ್ಪದ್ದನ್ನು ಕತ್ತರಿಸಿ ಕೊಟ್ಟ. ಲೋಡರಿಗೆ ಅದರ ಮೂರು ಪಟ್ಟು ಬೇಕು ಎಂದು ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ, ಅವನಿಗೆ ಲೋಡರಿಗೆಂದು ಗೊತ್ತಿರಲಿಲ್ಲ. ಕೊನೆಗೆ “ರಾಡು ತೇವ ಹಿಡಿದಿದ್ದರೆ ಸ್ವಲ್ಪ ಬಿಸಿ ಮಾಡಿ ಬಳಸಿರಿ” ಎಂದು ಒಳ್ಳೆಯ ಮಾತು ಹೇಳಿದ.

ಬಿಸಿ ಮಾಡುವುದು ನನಗೆ ಹೇಳಿಕೊಡಬೇಕೇ? ಮನೆಗೆ ಬಂದು, ಒಲೆಯ ಮೇಲೆ ಹಂಚು ಇಟ್ಟು, ಶೇಂಗಾ ಹುರಿದ ಹಾಗೆ ಸಣ್ಣ ಉರಿಯಲ್ಲಿ ಹೊರಳಿಸಿ ಹೊರಳಿಸಿ ಹುರಿದೆ. ಮೇಲಿನ ಬೂದು ಲೇಪ ಚಟಪಟ ಸಿಡಿದು ಉದುರಿತು. ಸಿಪ್ಪೆ ಬಿಟ್ಟಿತು, ಹದ ಬಂತು ಎಂದು ಸಂತೋಷಪಟ್ಟು ಮೊರದಲ್ಲಿ ಹಾಕಿ ಕೇರಿದೆ. ಆ ಸಿಪ್ಪೆಯೇ ರಾಡಿನ ಜೀವಾಳವೆಂದು ಮುಂದೆ ತಿಳಿಯಿತು. ಮೂರು ಕಟ್ಟು ತಂದಿದ್ದೆ. ಎರಡು ಹುರಿದೆ. ಒಂದು ಕಟ್ಟು ಚೀಲದಲ್ಲೇ ಮರೆತುಹೋಯಿತು.

ನಮ್ಮವರ ವೆಲ್ಡಿಂಗ್ ಮಶೀನು ಶೆಡ್ಡಿನಲ್ಲೇ ಇತ್ತು. ಬಕೆಟ್ಟು ಕೆಳಗಿಳಿದು, ಅಂಗಳದಿಂದ ಕಿತ್ತಿಟ್ಟಿದ್ದ ಹಳೆಯ ಕಬ್ಬಿಣದ ಗೇಟಿನ ಮೇಲೆ ಕುಳಿತಿತ್ತು. ನಾನು ಧಪಾಟಿ ಪ್ಲೇಟನ್ನು ತೂತಿನ ಮೇಲೆ ಇಟ್ಟು, ದೇವರನ್ನು ನೆನೆದು ರಾಡು ಮುಟ್ಟಿಸಿದೆ. ಚರ್‌ ಎಂದು ಒಂದು ಕಿಡಿ. ರಾಡು ಅಂಟಿಕೊಂಡಿತು. ಜಗ್ಗಿದೆ. ಬರಲಿಲ್ಲ. ಕಾಲು ಕೊಟ್ಟು ಜಗ್ಗಿದೆ. ನಾನು ಬಂದೆ, ರಾಡು ಬರಲಿಲ್ಲ!

ಅಷ್ಟರಲ್ಲಿ ಪಕ್ಕದ ಮನೆಯ ಗಂಗವ್ವ ಓಡಿಬಂದಳು. ಆಕೆಯದು ಹಿಟ್ಟಿನ ಗಿರಣಿ. ಹುಬ್ಬಿನ ತನಕ ಜೋಳದ ಹಿಟ್ಟು.

“ಅಕ್ಕಾರ, ನೀವು ಏನ ಹಚ್ಚೀರಿ? ನನ್ನ ಗಿರಣಿ ನಿಂತs ಬಿಡಾಕತ್ತೈತಿ!”

“ವೆಲ್ಡಿಂಗ್ ನಡದೈತಿ.”

“ಯಾರ ಮಾಡಾಕತ್ತಾರ?”

“ನಾನs.”

ಗಂಗವ್ವ ನನ್ನ ಮುಖ ನೋಡಿದಳು. ಆಮೇಲೆ ಎಣ್ಣೆ ಡಬ್ಬಿ ಬೋರಲು ಹಾಕಿ ಅದರ ಮೇಲೆ ಕುಳಿತಳು. “ಹಂಗಾರ ಗಿರಣಿ ಹಾಳಾಗಿ ಹೋಗ್ಲಿ. ನಾ ಇದನ್ನ ನೋಡೇ ಹೋಗತೀನಿ.”

ಕೊನೆಗೆ ಕರೆಂಟು ಹಂಚಿಕೊಳ್ಳಲು ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಆಕೆ ಒಂದು ಡಬ್ಬಿ ಜೋಳ ಬೀಸಬೇಕು, ಆಮೇಲೆ ನಾನು ಒಂದು ಗೇಣು ಹೊಲಿಯಬೇಕು.

ಕಣ್ಣಿಗೆ ಹಿಡಿಯಲು ನಮ್ಮವರ ಕರಿ ಗಾಜಿನ ಮುಖವಾಡವಿತ್ತು. ಅದರ ಪಟ್ಟಿಯಲ್ಲಿ ಇನ್ನೂ ಅವರ ತಲೆಯ ಕೊಬ್ಬರಿ ಎಣ್ಣೆಯ ವಾಸನೆ. ಒಮ್ಮೆ ಮೂಸಿ ಹಾಕಿಕೊಂಡೆ. ಆದರೆ ಹಾಕಿಕೊಂಡರೆ ಏನೇನೂ ಕಾಣುತ್ತಿರಲಿಲ್ಲ. ತೆಗೆದರೆ ಎಲ್ಲಾ ಸ್ವಚ್ಛ ಕಾಣುತ್ತಿತ್ತು. ಕೆಲಸದ ಶಿಸ್ತಿನ ದೃಷ್ಟಿಯಿಂದ, ತೆಗೆದೇ ಹೊಲಿದೆ!

ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡೂ ಕಣ್ಣಲ್ಲಿ ಯಾರೋ ಮುಷ್ಟಿ ಮುಷ್ಟಿ ಮರಳು ತುಂಬಿದಂತಾಯಿತು. ಧಾರಾಕಾರ ನೀರು. ರೆಪ್ಪೆ ತೆರೆಯಲಾರೆ. ಹೊಸ್ತಿಲ ಬಳಿ ಸೆರಗಿನಿಂದ ಕಣ್ಣು ಒತ್ತಿಕೊಂಡು ಕುಳಿತಿದ್ದೆ. ಹಿಟ್ಟು ಕೊಡಲು ಬಂದ ಗಂಗವ್ವ ನೋಡಿದಳು.

“ಅಯ್ಯ ನಮ್ಮವ್ವಾ!” ಎಂದು ಬಂದು ನನ್ನ ಹೆಗಲು ಹಿಡಿದಳು. “ಅಂದs ಅಳಬೇಕಾಗಿತ್ರೀ ಅಕ್ಕಾರ. ಇಷ್ಟ ದಿನಾ ಒಳಗs ಇಟಗೊಂಡ್ರೆಲ್ಲ!”

“ಅಳಾಕತ್ತಿಲ್ಲ ಗಂಗವ್ವ. ಇದು ವೆಲ್ಡಿಂಗ್.”

“ಹೂನ್ರೀ, ಹೂನ್ರೀ,” ಎಂದು ಆಕೆಯೂ ಅಳತೊಡಗಿದಳು.

ಆಕೆಯ ದನಿ ಕೇಳಿ ಎದುರು ಮನೆಯವರು ಬಂದರು. ಅವರ ಹಿಂದೆ ಓಣಿಯ ಹೆಂಗಸರೆಲ್ಲ ಬಂದರು. ನಮ್ಮವರು ಹೋದಾಗ ನಾನು ಅತ್ತಿರಲಿಲ್ಲ. ಬಂದವರಿಗೆ ಚಹಾ ಮಾಡುವುದರಲ್ಲಿ, ಚಾಪೆ ಹಾಸುವುದರಲ್ಲಿ ಹೊತ್ತು ಹೋಗಿತ್ತು. ಈಗ ಒಬ್ಬೊಬ್ಬರೂ ಅವರ ಗುಣ ಹೇಳಿ ಹೇಳಿ ಅಳುತ್ತಿದ್ದರು. ಒಬ್ಬರ ಹೊಲ ಸಮ ಮಾಡಿ ಕೊಟ್ಟಿದ್ದರಂತೆ. ಇನ್ನೊಬ್ಬರ ಬಾವಿಯ ಹೂಳು ಎತ್ತಿಸಿದ್ದರಂತೆ. “ಇದು ವೆಲ್ಡಿಂಗ್, ಇದು ವೆಲ್ಡಿಂಗ್” ಎಂದು ನಾನು ಮೂರು ಸಲ ಸ್ಪಷ್ಟನೆ ಕೊಟ್ಟೆ. ನಾಲ್ಕನೆಯ ಸಲಕ್ಕೆ ನನಗೇ ನನ್ನ ಮೇಲೆ ನಂಬಿಕೆ ಹೋಯಿತು. ಅತ್ತುಬಿಟ್ಟೆ. ಹೇಗೂ ನೀರು ಹರಿಯುತ್ತಲೇ ಇತ್ತು!

ಅಕ್ಕಲಕೋಟದ ಡಾಕ್ಟರು ಹನಿ ಹಾಕಿ, ಎರಡು ದಿನ ಕಣ್ಣು ಮುಚ್ಚಿಕೊಂಡು ಇರಲು ಹೇಳಿದರು. ಗಂಗವ್ವ ರೊಟ್ಟಿ, ಝುಣಕ ತಂದು ಕೈಗೆ ತುತ್ತು ಮಾಡಿ ಕೊಟ್ಟಳು. ಸರದಿಯ ಮೇಲೆ ಹೆಂಗಸರು ಬಂದು ಕುಳಿತರು. ಒಳಗೆ ಹೊರಗೆ ಹೆಜ್ಜೆ ಸಪ್ಪಳ, ಬಳೆಯ ಸದ್ದು, ಹರಟೆ. ಮೂರನೆಯ ದಿನ ಕಣ್ಣು ತೆರೆದೆ. ಎಲ್ಲ ಸ್ವಚ್ಛ ಕಾಣಿಸಿತು. ಮನೆಯಲ್ಲಿ ಯಾರೂ ಇರಲಿಲ್ಲ.

ರವಿವಾರ ಉಳಿದ ಹೊಲಿಗೆ ಮುಗಿಸಿದೆ. ಈ ಸಲ ಮುಖವಾಡ ಹಾಕಿಕೊಂಡು, ಅಂದಾಜಿನ ಮೇಲೆ. ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಎಳೆದೆ. ಪ್ಲೇಟು ಬಿಸಿಯಾಗಿ, ಕರಿದ ಹಪ್ಪಳದಂತೆ ಅಂಚು ಮೇಲೆತ್ತಿತು. ದೊಡ್ಡ ಸುತ್ತಿಗೆಯಿಂದ ಬಡಿದೆ. ಒಂದು ಅಂಚು ಕೂತಿತು, ಇನ್ನೊಂದು ಎದ್ದಿತು. ಪ್ಲೇಟಿಗೂ ಬಕೆಟ್ಟಿಗೂ ನಡುವೆ ಕೈ ಹೋಗುವಷ್ಟು ಸಂದಿ. ಹುರಿದ ರಾಡು ಮುಗಿದಿದ್ದವು. ಆಗ ಚೀಲದಲ್ಲಿ ಮರೆತಿದ್ದ ಕಟ್ಟು ಸಿಕ್ಕಿತು. ಹುರಿಯದ ಕಚ್ಚಾ ರಾಡು, ಇವು ಏನು ಹಿಡಿದಾವು ಎಂದುಕೊಂಡು ಎಲ್ಲವನ್ನೂ ತೂತಿನ ಅಂಚಿಗೇ ಸುರಿದೆ. ಎಷ್ಟು ಸುರಿದರೂ ಕೆಳಗಿಳಿಯುತ್ತಿತ್ತು. ಎಲ್ಲಿಗೆ ಇಳಿಯುತ್ತದೆ ಎಂದು ವಿಚಾರಿಸುವ ಬುದ್ಧಿ ಬರಲಿಲ್ಲ.

ಸೋಮವಾರ ಮಲ್ಲಿನಾಥ ಬಂದ. ಸಂಗಡ ಭಂಗಾರದವನು. ನಾನು ಫೋನು ಮಾಡಿದ್ದರಿಂದ ನಮ್ಮವರ ಹಳೆಯ ಆಪರೇಟರ್ ರಜಾಕನೂ ಸೋಲಾಪುರದಿಂದ ಬಂದಿದ್ದ. ಗಂಗವ್ವ ಗಿರಣಿಗೆ ಕೀಲಿ ಹಾಕಿಯೇ ಬಂದಿದ್ದಳು.

“ಯಾರ ಕಡಿಂದ ಮಾಡಿಸಿದ್ರಿ ಕಾಕು?” ಎಂದು ರಜಾಕ ಕೇಳಿದ.

“ಮದಲ ಎತ್ತು. ಆಮ್ಯಾಲ ಹೇಳತೀನಿ.”

ಕೀಲಿ ತಿರುವಿದ ಕೂಡಲೇ ಲೋಡರು ಗುಡುಗಿತು. ಬಕೆಟ್ಟು ಮೆಲ್ಲಗೆ ಮೇಲೆದ್ದಿತು. ಅದರ ಸಂಗಡ ಗೇಟೂ ಎದ್ದಿತು!

ಸರಳು, ಚಿಲಕ, “ಸುಸ್ವಾಗತ” ಎಂಬ ಫಲಕ ಎಲ್ಲದರ ಸಮೇತ ನಮ್ಮ ಅಂಗಳದ ಗೇಟು ಬಕೆಟ್ಟಿನ ತಳಕ್ಕೆ ಜೋತುಬಿದ್ದಿತ್ತು. ತೂತಿನಿಂದ ಇಳಿದ ಕಬ್ಬಿಣವೆಲ್ಲ ಹೋಗಿ ಹಿಡಿದದ್ದು ಅದನ್ನು. ರಜಾಕ ಇಳಿದು ಸುತ್ತಿಗೆಯಿಂದ ಹತ್ತು ಏಟು ಹಾಕಿದ. ಗೇಟು ಜಗ್ಗಲಿಲ್ಲ.

“ಕಾಕು, ಇದು ಭಾಳ ಪಕ್ಕಾ ವೆಲ್ಡಿಂಗ್ ಆಗೈತ್ರೀ,” ಎಂದ ಗೌರವದಿಂದ.

ಬೇರೆ ದಾರಿಯಿಲ್ಲದೆ ಗೇಟಿನ ಸಮೇತವೇ ಮುರುಮಿನ ಗುಡ್ಡೆಗೆ ಹೋದೆವು. ಬಕೆಟ್ಟು ಬಾಯಿ ತೆರೆದು ಗುಡ್ಡೆಗೆ ತಾಕಿತು. ಠಣ್! ನನ್ನ ಒಂದು ವಾರದ ಹೊಲಿಗೆ, ಧಪಾಟಿ ಪ್ಲೇಟು, ಎರಡು ಕಟ್ಟು ಹುರಿದ ರಾಡು, ಒಂದೇ ತುಂಡಾಗಿ ಕಳಚಿ ನನ್ನ ಕಾಲ ಹತ್ತಿರ ಬಂದು ಬಿದ್ದವು. ಗೇಟು ಮಾತ್ರ ತನ್ನ ಜಾಗದಲ್ಲಿ ತೂಗುತ್ತಿತ್ತು.

ನಾನು ಭಂಗಾರದವನ ಕಡೆ ನೋಡದೆ, “ಒಯ್ಯಪಾ,” ಎಂದೆ.

ಅವನು ಇಂಜಿನ್ನಿನ ಹತ್ತಿರ ಹೋಗಿ ಕಿವಿಗೊಟ್ಟು ಕೇಳಿದ. “ಒಂದs ಸಲಕ್ಕ ಚಾಲೂ ಆತಲ್ರೀ ಮಾಲಕರ. ನಾ ಸತ್ತ ಗಾಡಿ ಒಯ್ಯಾಂವ. ಇದು ಜೀವಂತ ಐತಿ. ಬಾಯಷ್ಟ ಹೋಗೈತಿ, ಮಾಡಸ್ರಿ,” ಎಂದು ತನ್ನ ಟೆಂಪೋ ಹತ್ತಿ ಹೋಗಿಯೇಬಿಟ್ಟ.

ಮಲ್ಲಿನಾಥ ಗೇಟು ನೋಡಿದ, ನನ್ನನ್ನು ನೋಡಿದ. ನಗು ತಡೆಯಲಾರದೆ ಮುರುಮಿನ ಮೇಲೇ ಕುಳಿತುಬಿಟ್ಟ. “ಅಣ್ಣ ಇದ್ದಿದ್ರ...” ಎಂದವನು ಧೋತರದ ತುದಿಯಿಂದ ಮುಖ ಒರೆಸಿಕೊಂಡ. “ನಡೀರಿ ವೈನಿ, ಬಕೀಟ ಬಿಚ್ಚಿ ಸೋಲಾಪುರಕ್ಕ ಒಯ್ಯೂಣು.”

ಸೋಲಾಪುರದ ವರ್ಕ್‌ಶಾಪಿನಲ್ಲಿ ಬಕೆಟ್ಟನ್ನು ಗೇಟಿನ ಸಮೇತ ಇಳಿಸಿದೆವು. ಅಲ್ಲಿಯ ಮೇಸ್ತ್ರಿ ವಯಸ್ಸಾದವನು. ಸವೆದ ತುಟಿಯನ್ನು ಪೂರಾ ಕತ್ತರಿಸಬೇಕು, ತುಕ್ಕು ಹೊಳೆಯುವ ತನಕ ಉಜ್ಜಬೇಕು, ದಪ್ಪ ಪ್ಲೇಟು ಇಟ್ಟು ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ತುಂಬುತ್ತ ಹೋಗಬೇಕು, ಆಗ ಸೊಟ್ಟಾಗುವುದಿಲ್ಲ ಎಂದು ಸಮಾಧಾನದಿಂದ ತಿಳಿಸಿದ. ಮುಂದೆ ಹಾಗೆಯೇ ಮಾಡಿಯೂ ಕೊಟ್ಟ. ಹೊಲದ ದಾರಿಗೆ ಈಗ ಮುರುಮು ಬಿದ್ದಿದೆ. ಆದರೆ ಆ ದಿನ ಬಕೆಟ್ಟಿನ ತಳ ತಿರುವಿ ಹಾಕಿ ನೋಡಿದವನೇ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ.

“ಇದನ್ನ ಯಾರ ಮಾಡ್ಯಾರ?”

ರಜಾಕ ನನ್ನ ಕಡೆ ನೋಡಿದ. ಮಲ್ಲಿನಾಥ ರಸ್ತೆಯ ಕಡೆ ನೋಡಿದ.

“ಯಾರೋ ಕೆಲಸಾ ಬರಲಾರದವರು ಮಾಡಿರಬೇಕ್ರಿ,” ಎಂದೆ ನಾನು.

ಮೇಸ್ತ್ರಿ ಗೇಟಿನ ಚಿಲಕ ಮುಟ್ಟಿ ತಲೆ ಅಲ್ಲಾಡಿಸಿದ. “ಇಂಥಾವ್ರನ್ನ ಮನ್ಯಾಗ ಒಬ್ಬರನ್ನs ಬಿಡಬಾರದ್ರೀ ತಾಯಿ.”

“ಹೌದ್ರೀ,” ಎಂದೆ. “ಬಿಡಬಾರದು.”