ಎಡಗಾಲು ಕುಸಿಯುವ ಏಣಿ

ನಾನು ಈವರೆಗೆ ಗೋಡೆಗೆ ಒರಗಿಸಿದ ಏಣಿಗಳ ಲೆಕ್ಕ ಹೇಳಿದರೆ ನೀವು ನನ್ನನ್ನು ಬಣ್ಣ ಹೊಡೆಯುವವನೆಂದೋ ತೆಂಗಿನಕಾಯಿ ಕೆಡವುವವನೆಂದೋ ತಿಳಿದುಬಿಡುತ್ತೀರಿ. ಎರಡೂ ಅಲ್ಲ. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಹತ್ತು ಮೀಟರ್ ಉದ್ದದ ಏಣಿಯ ಬುಡವನ್ನು ಗೋಡೆಯಿಂದ ಆರು ಮೀಟರ್ ದೂರದಲ್ಲಿಟ್ಟರೆ ತುದಿ ಎಷ್ಟು ಎತ್ತರ ಮುಟ್ಟುತ್ತದೆ ಎಂದು ಇಪ್ಪತ್ತೆರಡು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನ ಒಂದೇ ಒಂದು ಏಣಿಯೂ ಜಾರಿಲ್ಲ, ವಾಲಿಲ್ಲ, ಯಾರನ್ನೂ ಬೀಳಿಸಿಲ್ಲ. ಕರಿಹಲಗೆಯ ಮೇಲೆ ನೆಲವೆಂದರೆ ಒಂದು ಅಡ್ಡಗೆರೆ. ಸ್ಕೇಲಿಟ್ಟು ಎಳೆದರೆ ಮುಗಿಯಿತು. ಆ ಗೆರೆಯ ಕೆಳಗೆ ಏನಿದೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನೇನೋ. ಇಂಥ ಮನುಷ್ಯ ಐವತ್ತು ಸಮೀಪಿಸುವಾಗ ಮೊದಲ ಸಲ ನಿಜವಾದ ಏಣಿಯೊಂದನ್ನು ನಿಜವಾದ ನೆಲದ ಮೇಲೆ ಇಟ್ಟ ಕಥೆ ಇದು.

ನ್ಯಾಮತಿಗೆ ವರ್ಗವಾಗಿ ಬಂದಾಗ ನಮಗೆ ಸಿಕ್ಕಿದ ಬಾಡಿಗೆ ಮನೆಯಲ್ಲಿ ಎಲ್ಲವೂ ಇತ್ತು, ತಾರಸಿಗೆ ಮೆಟ್ಟಿಲು ಮಾತ್ರ ಇರಲಿಲ್ಲ. ಮಾಲೀಕರು ಚನ್ನಗಿರಿಯವರು. ಫೋನಿನಲ್ಲಿ ಕೇಳಿದರೆ, “ಮೇಲೇನ್ ಕೆಲ್ಸ ಐತ್ರೀ ಮೇಷ್ಟ್ರೇ ನಿಮಗೆ? ಕೆಳಗೇ ಆರಾಮಾಗಿ ಇರ್ರಿ” ಅಂದರು. ಆದರೆ ಮೇಲೆ ನೀರಿನ ಟ್ಯಾಂಕ್ ಇತ್ತು, ಟ್ಯಾಂಕಿನೊಳಗೆ ತೇಲುವ ಒಂದು ಚೆಂಡಿತ್ತು, ಆ ಚೆಂಡು ವಾರಕ್ಕೆರಡು ಸಲ ಸಿಕ್ಕಿಕೊಂಡು ನೀರು ಬರುವುದು ನಿಲ್ಲುತ್ತಿತ್ತು. ಕೈಯಿಂದ ಎರಡು ಸಲ ತಟ್ಟಿದರೆ ಸರಿಹೋಗುತ್ತದೆ. ತಟ್ಟಲು ಕೈ ಅಲ್ಲಿರಬೇಕಷ್ಟೆ. ಹಾಗಾಗಿ ಹೊನ್ನಾಳಿಯಲ್ಲಿ ಹನ್ನೆರಡು ಹಲ್ಲಿನ ಗಟ್ಟಿ ಬಿದಿರೇಣಿಯೊಂದನ್ನು ಮಾಡಿಸಿ, ಖಾಸಗಿ ಬಸ್ಸಿನ ಟಾಪಿನ ಮೇಲೆ ಕಟ್ಟಿಸಿ ತಂದೆ. ಕಂಡಕ್ಟರ್ ಊರಿಗೆಲ್ಲ ಕೇಳುವಂತೆ, “ಮೇಷ್ಟ್ರೇ, ಎಲ್ಲಿಗೆ ಹತ್ತಾಕೆ ಹೊಂಟೀರಿ?” ಎಂದು ವಿಚಾರಿಸಿದ. ಬಸ್ಸಿನಲ್ಲಿ ನನ್ನ ಮೂವರು ಹಳೆಯ ವಿದ್ಯಾರ್ಥಿಗಳಿದ್ದರು. ಮೂವರೂ ಕಿಟಕಿಯ ಕಡೆ ತಿರುಗಿ ನಕ್ಕರು.

ಮನೆಯ ಮುಂದೆ ಶೀಟಿನ ಮಾಡು, ಪಕ್ಕದಲ್ಲಿ ಚರಂಡಿ, ಇನ್ನೊಂದು ಪಕ್ಕ ಕರೆಂಟಿನ ವೈರು. ಏಣಿ ಇಡಲು ಉಳಿದದ್ದು ಹಿತ್ತಲಿನ ಗೋಡೆ ಒಂದೇ. ಅಲ್ಲಿ ಇಟ್ಟು ನೋಡಿದೆ. ಬಲಗಾಲು ನೆಲದ ಮೇಲೆ, ಎಡಗಾಲು ನಾಲ್ಕು ಬೆರಳು ಗಾಳಿಯಲ್ಲಿ. ನಾನು ಹುಟ್ಟಿ ಬೆಳೆದದ್ದು ಜಗಳೂರು ಕಡೆ. ಅಲ್ಲಿನ ನೆಲಕ್ಕೆ ಹಾರೆ ಹಾಕಿದರೆ ಹಾರೆಯೇ ವಾಪಸ್ಸು ಬರುತ್ತದೆ, ಆದರೆ ಇವತ್ತು ಇದ್ದ ಹಾಗೆ ನಾಳೆಯೂ ಇರುತ್ತದೆ. ಆ ನಂಬಿಕೆಯಲ್ಲಿ ಎಡಗಾಲಿನ ಕೆಳಗೆ ಒಂದು ಚಪ್ಪಡಿ ಚೂರು ಸೇರಿಸಿದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಅಲ್ಲಿ ಗಾರೆ ಕೆಲಸಕ್ಕೆ ಗೋವಿನಕೋವಿಯಿಂದ ಬರುತ್ತಿದ್ದ ರೇಣುಕಮ್ಮ ಎಂಬವರ ಹತ್ತಿರ ರಸಮಟ್ಟ ಕೇಳಿ ತಂದೆ. ಒಳಗೆ ಒಂದು ಗುಳ್ಳೆ ಇರುತ್ತದಲ್ಲ, ಅದು ನಡುವೆ ನಿಂತರೆ ಮಟ್ಟ ಸರಿ ಎಂದರ್ಥ. ಏಣಿಯ ಹಲ್ಲಿನ ಮೇಲಿಟ್ಟೆ. ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಿತು. ನನ್ನ ಹೆಂಡತಿ ಗಿರಿಜಾಳನ್ನು ಕರೆದು ತೋರಿಸಿದೆ. ನಲ್ಲೂರಿನಲ್ಲಿ ದೊಡ್ಡ ಕುಟುಂಬದಲ್ಲಿ ಬೆಳೆದ ಅವಳಿಗೆ ನಾನು ತೋರಿಸುವ ಯಾವುದೂ ದೊಡ್ಡದಾಗಿ ಕಾಣುವುದಿಲ್ಲ. “ಹೂಂ, ಹತ್ರಿ ಮತ್ತೆ” ಅಂದಳು.

ಅವತ್ತು ಹತ್ತಿದೆ, ತಟ್ಟಿದೆ, ಇಳಿದೆ. ಏಣಿಯನ್ನು ಅಲ್ಲಿಯೇ ಬಿಟ್ಟೆ. ಮರುದಿನ ಬೆಳಗ್ಗೆ ನೋಡಿದರೆ ಗುಳ್ಳೆ ಒಂದು ಪಕ್ಕಕ್ಕೆ ಹೋಗಿ ಕೂತಿತ್ತು. ಎಡಗಾಲು ಎರಡು ಬೆರಳು ಇಳಿದಿತ್ತು.

ನೆಲ ಒಣಗಿತ್ತು. ಮಳೆ ಬಂದು ತಿಂಗಳುಗಳಾಗಿದ್ದವು. ಏಣಿಯನ್ನು ಯಾರೂ ಮುಟ್ಟಿರಲಿಲ್ಲ. ಇನ್ನೊಂದು ಚಪ್ಪಡಿ ಇಟ್ಟೆ. ಎರಡು ದಿನ ಸುಮ್ಮನಿದ್ದು ಅದೂ ಇಳಿಯಿತು. ಮೂರನೆಯದು ಇಟ್ಟೆ. ಮೊದಲಿನ ಚಪ್ಪಡಿ ಎಲ್ಲಿ ಎಂದು ಕೈಯಿಂದ ಮಣ್ಣು ಕೆದಕಿದರೆ ಸಿಗಲಿಲ್ಲ. ನಾನೋ ಮೇಷ್ಟ್ರು, ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎಷ್ಟೆಷ್ಟು ಇಳಿಯಿತೆಂದು ಬರೆಯಲು ಶುರುಮಾಡಿದೆ. ಯಾವುದಾದರೂ ಶ್ರೇಢಿ ಸಿಗಬಹುದೆಂಬ ಆಸೆ. ಸಿಗಲಿಲ್ಲ. ಅದಕ್ಕೆ ಇಷ್ಟ ಬಂದ ದಿನ ಇಳಿಯುತ್ತಿತ್ತು, ಬೇಡವೆನಿಸಿದ ದಿನ ಇಲ್ಲ. ಹಸಿದವರು ಉಣ್ಣುವ ಹಾಗೆ. ಈ ಉಪಮೆಯನ್ನು ಗಿರಿಜಾಳಿಗೆ ಹೇಳಬಾರದಿತ್ತು. “ನೀವು ಹಿಂಗೆಲ್ಲಾ ಮಾತಾಡಿದ್ರೆ ನಾನು ಬಟ್ಟೆ ಒಣಗಿಸಾಕೆ ಹಿತ್ತಲಿಗೆ ಹೋಗಲ್ಲ ನೋಡ್ರಿ” ಅಂದಳು.

ಒಂದು ರಜೆಯ ಮಧ್ಯಾಹ್ನ ನಾಲ್ಕನೆಯ ಚಪ್ಪಡಿಯನ್ನು ಕೂರಿಸುತ್ತಾ ಸುತ್ತಿಗೆಯಿಂದ ತಟ್ಟಿದೆ. ಬಿಸಿಲು ಧಗಧಗ ಅನ್ನುತ್ತಿತ್ತು, ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಾನು ‘ಟಕ್’ ಅನ್ನಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಎಲ್ಲೋ ಕೆಳಗೆ ‘ಡುಂ’ ಅಂತು. ಕಿವಿಯ ಭ್ರಮೆ ಎಂದುಕೊಂಡು ಎರಡು ಸಲ ತಟ್ಟಿದೆ. ಎರಡು ಸಲ ಉತ್ತರ ಬಂತು. ಕಾಂಪೌಂಡಿನ ಮೇಲೆ ಕೂತಿದ್ದ ಪಕ್ಕದ ಮನೆಯ ಬೆಕ್ಕು ನನ್ನನ್ನು ಬಿಟ್ಟು ನೆಲವನ್ನೇ ನೋಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಗಿರಿಜಾ ಮೆಲ್ಲಗೆ ಕೇಳಿದಳು, “ರೀ, ನೀವು ಎಷ್ಟು ಸಲ ಹೊಡದ್ರಿ?”

“ಎರಡು.”

“ಅದು ಮೂರು ಸಲ ಹೊಡೀತು.”

ನಾನು ನಕ್ಕೆ. ನಗು ಸರಿಯಾಗಿ ಬರಲಿಲ್ಲ. ಟೊಳ್ಳು ಜಾಗದಲ್ಲಿ ಪ್ರತಿಧ್ವನಿ ಬರುತ್ತದೆ, ಎಲ್ಲೋ ಇಲಿ ಬಿಲವಿರಬೇಕು ಎಂದು ವಿವರಿಸಿದೆ. ವಿವರಿಸುವಾಗ ನಾನು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಅಡುಗೆಮನೆ ಸೇರಿದ್ದೆ ಎಂದು ಆಮೇಲೆ ಅವಳೇ ಹೇಳಿದಳು.

ಆದರೂ ನೀರು ಬೇಕಲ್ಲ. ಮುಂದಿನ ಭಾನುವಾರ ಹನ್ನೆರಡು ಗಂಟೆಯ ಹೊತ್ತಿಗೆ ಚೆಂಡು ಮತ್ತೆ ಸಿಕ್ಕಿಕೊಂಡಿತು. ಗಿರಿಜಾ ಎಂದಿನಂತೆ ಏಣಿಯ ಎಡಗಾಲಿನ ಪಕ್ಕ ನಿಂತು ಎರಡೂ ಕೈಯಲ್ಲಿ ಹಿಡಿದಳು. ನಾನು ಹತ್ತಿದೆ. ಟ್ಯಾಂಕಿನ ಕೆಲಸ ಮುಗಿಸಿ ಇಳಿಯಲು ಮೊದಲ ಹಲ್ಲಿನ ಮೇಲೆ ಕಾಲಿಟ್ಟಾಗ ಆಶ್ಚರ್ಯವಾಯಿತು. ಯಾವತ್ತೂ ಕಿರುಗುಟ್ಟುವ ಏಣಿ ಅವತ್ತು ಕಂಬದ ಹಾಗೆ ನಿಂತಿತ್ತು. “ಇವತ್ತು ಚೆನ್ನಾಗಿ ಹಿಡಿದಿದ್ದೀಯಾ ಗಿರಿಜಾ” ಅಂದೆ. ಅವಳು ಮಾತಾಡಲಿಲ್ಲ. ಹೊಗಳಿಕೆ ಅಪರೂಪವಾದ್ದರಿಂದ ನಾಚಿರಬೇಕು ಎಂದುಕೊಂಡು ಇನ್ನೂ ನಾಲ್ಕು ಮಾತು ಹೊಗಳಿದೆ. ಮದುವೆಯಾದ ಹೊಸದರಲ್ಲಿ ಹೇಳಬೇಕಾಗಿದ್ದ ಒಂದೆರಡನ್ನೂ ಹೇಳಿದೆ. ಗೋಡೆಗೆ ಮುಖ ಮಾಡಿಕೊಂಡು ಹೇಳಲು ಅವು ಸುಲಭ. ಕೆಳಗಿಳಿದು ತಿರುಗಿ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗಿರಿಜಾ ಮುಂದಿನ ಬಾಗಿಲ ಕಡೆಯಿಂದ ಬಂದಳು. “ಗ್ಯಾಸಿನವರು ಬಂದಿದ್ರು. ನೀವು ತಾರಸಿ ಮೇಲೆ ಕಾಲಿಟ್ಟ ಕೂಡ್ಲೇ ಹೋದೆ. ಯಾಕ್ರೀ, ಮುಖ ಹಿಂಗಾಗೈತೆ?”

“ಮತ್ತೆ ಏಣಿ ಹಿಡಿದದ್ದು ಯಾರು?”

ಅವಳು ಏಣಿಯ ಬುಡಕ್ಕೆ ಬಂದು, ಮೊದಲು ನಿಂತಿದ್ದ ಜಾಗದಲ್ಲೇ ನಿಂತು ನೋಡಿದಳು. ನಾನು ಏಣಿಯನ್ನು ಎತ್ತಲು ಹೋದೆ. ಬಲಗಾಲು ಎದ್ದಿತು. ಎಡಗಾಲು ಏಳಲಿಲ್ಲ. ಮಣ್ಣಿನೊಳಗೆ ಯಾರೋ ಕಾಲ್ಗಿಣ್ಣು ಹಿಡಿದ ಹಾಗೆ ಗಟ್ಟಿಯಾಗಿ ನಿಂತಿತ್ತು. ಜೋರಾಗಿ ಎಳೆದೆ. ಅದು ಮೇಲೆ ಬರುವ ಬದಲು ಒಂದು ಬೆರಳು ಕೆಳಗೆ ಹೋಯಿತು. ನಾನು ಕೈಬಿಟ್ಟೆ.

ಅಷ್ಟರಲ್ಲಿ ರಸಮಟ್ಟ ಕೇಳಿಕೊಂಡು ರೇಣುಕಮ್ಮ ಹಿತ್ತಲ ಕಡೆ ಬಂದರು. ಐವತ್ತರ ಆಸುಪಾಸಿನ ಹೆಂಗಸು, ತಲೆಗೆ ಸುತ್ತಿದ ಟವೆಲ್ಲಿನ ಮೇಲೆ ಸಿಮೆಂಟಿನ ಧೂಳು. ಏಣಿಯನ್ನು ನೋಡಿದರು, ನೆಲವನ್ನು ನೋಡಿದರು, ಆಮೇಲೆ ಗಿರಿಜಾ ನಿಂತ ಜಾಗವನ್ನು ನೋಡಿದರು. ಅವರ ದನಿ ಇಳಿಯಿತು.

“ಅಕ್ಕಾ, ಅಲ್ಲಿಂದ ಈಚೆ ಬರ್ರಿ. ಓಡಬ್ಯಾಡ್ರಿ. ಮೆತ್ತಗೆ, ಹೆಜ್ಜೆ ಎತ್ತಿ ಇಡದಂಗೆ, ಜರುಗಿಸ್ಕಂತ ಬರ್ರಿ.”

ಗಿರಿಜಾ ಬಂದಳು. ರೇಣುಕಮ್ಮ ಪಕ್ಕದ ಸೈಟಿನಿಂದ ಉದ್ದನೆಯ ಹಾರೆ ತಂದು, ದೂರದಲ್ಲೇ ನಿಂತು, ಆ ಜಾಗಕ್ಕೆ ಒಂದು ಸಲ ಕುಟ್ಟಿದರು. ಒಣಮಣ್ಣು ಹಿಟ್ಟಿನ ಹಾಗೆ ಒಳಕ್ಕೆ ಹರಿಯಿತು. ಇನ್ನೊಂದು ಸಲ ಕುಟ್ಟಿದಾಗ ಗಿರಿಜಾಳ ಹೆಜ್ಜೆಗುರುತಿದ್ದ ನೆಲವೇ ಇಲ್ಲವಾಯಿತು. ಮಂಚದಷ್ಟು ಅಗಲದ ಕಪ್ಪು ಬಾಯಿ. ನನ್ನ ಕೊನೆಯ ಚಪ್ಪಡಿ ಜಾರಿ ಬಿದ್ದದ್ದು ಕಂಡಿತು, ಸದ್ದು ಬರಲಿಲ್ಲ. ಆಮೇಲೆ, ಮರೆತು ನೆನಪಾದವರ ಹಾಗೆ, ತಳದಿಂದ ‘ಡುಂ’ ಅಂತು. ಅದೇ ‘ಡುಂ’. ತಣ್ಣನೆಯ ಗಾಳಿಯೊಂದು ಮೇಲೆ ಬಂದು ನಮ್ಮ ಮುಖಕ್ಕೆ ತಗುಲಿತು. ಬೀಳುವ ಹೊತ್ತಿನಿಂದ ಆಳ ಲೆಕ್ಕ ಹಾಕುವ ಸೂತ್ರ ನನಗೆ ನಿದ್ದೆಯಲ್ಲೂ ಬರುತ್ತದೆ. ಅವತ್ತು ಬರಲಿಲ್ಲ.

ಏಣಿಯ ಎಡಗಾಲು ಬಾವಿಯ ಒಳಗೋಡೆಯ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ನಾನು ಹೊಗಳಿದ್ದು ಆ ಹಿಡಿತವನ್ನು. ಆದರೆ ನಾನು ಬೆಚ್ಚಿದ್ದು ಅದಕ್ಕಲ್ಲ. ವಾರಗಟ್ಟಲೆ ಏಣಿಯ ಮೇಲೆ ನಿಂತು, ಬಿದ್ದರೆ ನನ್ನ ಗತಿಯೇನು ಎಂದು ಹೆದರಿದ್ದೆ. ಕೆಳಗೆ ನಿಂತವಳ ಪಾದದಡಿ ಒಂದು ಗೇಣು ಮಣ್ಣು ಮಾತ್ರ ಇತ್ತು. “ಗಟ್ಟಿಯಾಗಿ ಹಿಡ್ಕೋ” ಎಂದು ಅವಳಿಗೆ ಹೇಳುತ್ತಿದ್ದವನು ನಾನು.

“ಇದು ಹಳೇ ಮನೆಯೋರ ಬಾವಿ ಸಾರ್” ಅಂದರು ರೇಣುಕಮ್ಮ. “ಬಾಯಿಗೆ ಮರದ ದಿಮ್ಮಿ ಅಡ್ಡ ಹಾಕಿ ಮಣ್ಣು ಎಳೆದಿದ್ರು. ದಿಮ್ಮಿ ಕೊಳೆತೈತೆ. ಬಾವಿ ಇತ್ತು ಅಂತ ಗೊತ್ತಿತ್ತು ನನಗೆ, ಈ ಮನಿ ಎದ್ದ ಮ್ಯಾಲೆ ಜಾಗ ಗುರುತು ಸಿಕ್ಕಿರ್ಲಿಲ್ಲ.”

“ನಿಮಗೆ ಹೆಂಗೆ ಗೊತ್ತು?” ಎಂದು ಗಿರಿಜಾ ಕೇಳಿದಳು.

“ನಾವು ಆಗ ಇಲ್ಲೇ ಕೇರ್ಯಾಗಿದ್ವಿ. ನಮ್ಮವ್ವ ನನ್ನ ಕರ್ಕಂಡು ನೀರಿಗೆ ಬರೋಳು. ನಮ್ಮೋರು ಹಗ್ಗ ಮುಟ್ಟಂಗಿರ್ಲಿಲ್ಲ. ಯಾರಾದ್ರೂ ಬಂದು ಸೇದಿ ಹೊಯ್ಲಿ ಅಂತ ಕೊಡ ಇಟ್ಕಂಡು ನಿಂತಿರೋಳು. ನೀವು ನಿಂತಿದ್ರಲ್ಲ ಅಕ್ಕಾ, ಆ ಕಡೇನೇ. ಒಂದೊಂದು ದಿನ ಹೊತ್ತು ಮುಳುಗೋತನಕ ನಿಂತಿರೋಳು.”

ಉತ್ತರ ಗೊತ್ತಿಲ್ಲದಾಗ ಚಹಾ ಮಾಡಿಸುವುದು ನನ್ನ ಅಭ್ಯಾಸ. “ಗಿರಿಜಾ, ಚಹಾ...” ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ನಾನೇ ಹೋಗಿ ಮಾಡಿದೆ. ಸಕ್ಕರೆ ಹಾಕಲು ಮರೆತಿದ್ದೆ. ಇಬ್ಬರೂ ಹಾಗೆಯೇ ಕುಡಿದರು.

ಮರುದಿನ ಮಾಲೀಕರು ಚನ್ನಗಿರಿಯಿಂದ ಬಂದರು. ಒಳಗೆ ಇಣುಕಿ ನೋಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ತಮ್ಮ ತಂದೆ ಎಲ್ಲೋ ಒಂದು ಬಾವಿ ಮುಚ್ಚಿಸಿದ್ದರೆಂದು ಕೇಳಿದ್ದಾಗಿ ಹೇಳಿದರು. ಬುಧವಾರ ಟ್ರ್ಯಾಕ್ಟರಿನಲ್ಲಿ ಕಲ್ಲುಮಣ್ಣು ತರಿಸಿ ತಳದಿಂದಲೇ ತುಂಬಿಸುವುದೆಂದು ತೀರ್ಮಾನವಾಯಿತು. ಮಂಗಳವಾರ ಸಂಜೆ ಇನ್ನೂ ಬಿಸಿಲಿರುವಾಗಲೇ ರೇಣುಕಮ್ಮ ಬಂದರು. ಒಂದು ಕಂಕುಳಲ್ಲಿ ಹಿತ್ತಾಳೆ ಕೊಡ, ಇನ್ನೊಂದು ಕೈಯಲ್ಲಿ ಹೊಸ ಹಗ್ಗ.

“ಅಕ್ಕಾ, ಮುಚ್ಚೋಕೆ ಮುಂಚೆ ಒಂದು ಕೊಡ ಸೇದ್ಲಾ?”

ಅಂಚು ಕುಸಿದರೆ ಏನು ಗತಿ, ಮಾಲೀಕರನ್ನೊಂದು ಮಾತು ಕೇಳಬೇಡವೇ ಎಂದು ನಾನು ಶುರುಮಾಡುವಷ್ಟರಲ್ಲಿ ಗಿರಿಜಾ ಸೆರಗು ಸಿಕ್ಕಿಸಿ ಹಿತ್ತಲಿಗೆ ಇಳಿದಿದ್ದಳು. ಸೈಟಿನ ಕೆಲಸದವರು ಕಿತ್ತುಕೊಟ್ಟಿದ್ದ ಏಣಿಯನ್ನು ಬಾವಿಯ ಬಾಯಿಗೆ ಅಡ್ಡಲಾಗಿ ಮಲಗಿಸುವುದೆಂದು ರೇಣುಕಮ್ಮ ಹೇಳಿದರು. ಗಟ್ಟಿ ನೆಲ ಎಲ್ಲಿಂದ ಶುರುವಾಗುತ್ತದೆಂದು ಹಾರೆಯಿಂದ ಕುಟ್ಟಿ ನೋಡಿ ಎರಡೂ ಕಡೆ ಗುರುತು ಮಾಡಿದರು. ಏಣಿ ಇಟ್ಟಾಗ ಇಲ್ಲೂ ಅದೇ ಕಥೆ. ಒಂದು ಮೂಲೆ ಗಾಳಿಯಲ್ಲಿ. ನಾನು ಓಡಿಹೋಗಿ ಒಂದು ಚಪ್ಪಡಿ ಚೂರು ತಂದೆ. ಅವರು ಬೇಡವೆಂದು ಕೈಯಲ್ಲಾಡಿಸಿದರು.

“ತಗ್ಗಿಗೆ ಕೊಟ್ಟಿದ್ದು ಜಾರ್ತೈತೆ ಸಾರ್. ಉಬ್ಬಿರೋ ಕಡೆ ಕೆತ್ತಬೇಕು.” ಎತ್ತರವಿದ್ದ ಕಡೆ ಗುದ್ದಲಿಯಿಂದ ನಾಲ್ಕು ಬೆರಳು ಕೆತ್ತಿ, ಬಿದಿರು ಕೂರುವಷ್ಟು ಕಾಲುವೆ ಮಾಡಿದರು. ಏಣಿ ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಕೂತಿತು. ಮೇಲೆ ಹಲಗೆ ಹಾಸಿದರು. ಒಂದು ತುದಿಗೆ ಗಿರಿಜಾ ಕೂತಳು, ಇನ್ನೊಂದು ತುದಿಗೆ ನಾನು. ರೇಣುಕಮ್ಮ ಚಪ್ಪಲಿ ಬಿಟ್ಟು, ಹಲಗೆಯ ಮೇಲೆ ಮೊಣಕಾಲೂರಿ ನಡುವಿಗೆ ಬಂದರು. ಕೊಡ ಇಳಿಯಿತು. ಹಗ್ಗ ಇಳಿಯುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ‘ಬುಳುಕ್’ ಎಂದಿತು. ಅವರು ಎಳೆಯತೊಡಗಿದರು.

ಅರ್ಧ ಬಂದ ಕೊಡ ನಿಂತುಬಿಟ್ಟಿತು. ಹಗ್ಗ ಬಿಗಿಯಾಗಿ ನಡುಗಿತು. ಕಲ್ಲಿಗೆ ಸಿಕ್ಕಿರಬೇಕು, ಇವತ್ತಿಗೂ ನಾನು ಹಾಗೆಯೇ ಹೇಳುವುದು. ರೇಣುಕಮ್ಮ ಎಳೆಯಲಿಲ್ಲ, ಜಗ್ಗಲಿಲ್ಲ. ಕತ್ತಲಿನ ಕಡೆ ಬಗ್ಗಿ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ, “ಬಿಡವ್ವಾ, ನಾನೇ ಸೇದ್ತಿದೀನಿ” ಅಂದರು.

ಹಗ್ಗ ಸಡಿಲವಾಯಿತು. ಕೊಡ ಮೇಲೆ ಬಂತು. ಅವರು ನೀರನ್ನು ತಮ್ಮ ಎರಡೂ ಪಾದದ ಮೇಲೆ ನಿಧಾನವಾಗಿ ಸುರಿದುಕೊಂಡರು. ಗಿರಿಜಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ರೇಣುಕಮ್ಮ ತಟ್ಟನೆ ಹಲಗೆಯನ್ನು ಕೈಯಿಂದ ಹಿಡಿದು, ಹುಬ್ಬು ಗಂಟಿಕ್ಕಿ ಆಚೆ ಈಚೆ ನೋಡಿದರು.

“ಯಾಕಕ್ಕಾ, ಏಣಿ ಅಲ್ಲಾಡ್ತೈತೆ? ಎಲ್ಲಾ ಮಟ್ಟಾಗಿ ಕೂರ್ಸಿದ್ದೆ.”

“ಏಣಿ ಗಟ್ಟಿ ಐತೆ ರೇಣುಕಮ್ಮ” ಅಂದಳು ಗಿರಿಜಾ. “ಅಲ್ಲಾಡ್ತಿರೋದು ನಮ್ಮನೆಯವರು. ಏನ್ರೀ, ನೀವು ಮೆತ್ತಗೆ ಏಳ್ರಿ ಅತ್ಲಾಗೆ.”

ಸೈಟಿನ ಕೆಲಸದವನೊಬ್ಬ ಒಂದು ಮರಳಿನ ಚೀಲ ಎಳೆದು ತಂದು ನಾನು ಕೂತಿದ್ದ ತುದಿಯ ಮೇಲೆ ಹೇರಿದ ನಂತರ ನಾನು ಎದ್ದೆ. ಏಣಿ ಆಮೇಲೆ ಒಂದಿಷ್ಟೂ ಕದಲಲಿಲ್ಲ. ರೇಣುಕಮ್ಮ ನಿಶ್ಚಿಂತೆಯಿಂದ ಎರಡನೆಯ ಕೊಡ ಇಳಿಬಿಟ್ಟರು.