ಮಾವನ ಒದೆತಕ್ಕೆ ನಾನು ಎಬ್ಬಿಸಿದ ಗಾಳಿ

ಈ ಊರಿನಲ್ಲಿ ಯಾರ ಕೈಯಲ್ಲೂ ಆಗದ ಕೆಲಸವನ್ನು ಸೋಫಾದ ಮೇಲೆ ಮಲಗಿಕೊಂಡೇ ಮಾಡಿ ತೋರಿಸುತ್ತೇನೆಂದು ನಾನು ಪಣ ತೊಟ್ಟೆ! ನನ್ನ ಮಾವ ಎಲ್‌ವುಡ್ ಕಾಲೇಜಿನಲ್ಲಿದ್ದಾಗ ತಪ್ಪಿದ ಒಂದು ಒದೆತವನ್ನು, ಅವರ ಹುಟ್ಟುಹಬ್ಬದ ದಿನ, ವಿಡಿಯೋ ಗೇಮಿನಲ್ಲಿ ಅವರಿಂದಲೇ ಸರಿಪಡಿಸುವುದು!

ಅಯೋವಾದ ಈ ಪುಟ್ಟ ಊರಿನ ಜನ ತಮ್ಮ ಮದುವೆಯ ದಿನವನ್ನು ಬೇಕಾದರೆ ಮರೆತಾರು, ನಮ್ಮ ಕಾಲೇಜು ನದಿಯಾಚೆಯ ಕಾಲೇಜಿನ ಜೊತೆ ಆಡಿದ ಅಮೆರಿಕನ್ ಫುಟ್ಬಾಲ್ ಪಂದ್ಯವನ್ನು ಮರೆಯರು. ಅಂಥದ್ದೊಂದು ಪಂದ್ಯದ ಕೊನೆಯ ಗಳಿಗೆಯಲ್ಲಿ, ಎರಡು ಕಂಬಗಳ ನಡುವೆ ಹಾರಬೇಕಿದ್ದ ಚೆಂಡು ಮಾವನ ಕಾಲಿನಿಂದ ಎಡಕ್ಕೆ ಹೋಯಿತು. ಪಂದ್ಯವೂ ಹೋಯಿತು. "ಗಾಳಿ ಕಣಯ್ಯ, ಗಾಳಿ!" ಎಂದು ಅವರು ಅಂದಿನಿಂದ ಹೇಳುತ್ತಲೇ ಇದ್ದಾರೆ. ಯಾರೂ ನಂಬಲಿಲ್ಲ. ಈಗಲೂ ಅವರು ಕಾಫಿಗೆಂದು ಹೋಟೆಲಿಗೆ ಕಾಲಿಟ್ಟರೆ ಸಾಕು, ಹಳೆಯ ಗೆಳೆಯರು ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿಗಳನ್ನು ಗೋಲಿನ ಕಂಬಗಳ ಹಾಗೆ ಅವರ ಮುಂದೆ ನಿಲ್ಲಿಸುತ್ತಾರೆ. ಮಾವ ಅಲ್ಲಿ ನಗುತ್ತಾರೆ. ಮನೆಗೆ ಬಂದರೆ ಊಟದ ಮೇಜಿನ ಉಪ್ಪಿನ ಡಬ್ಬಿಯನ್ನೂ ಕಪಾಟಿಗೆ ತಳ್ಳುತ್ತಾರೆ. ಅದನ್ನು ನೋಡಲು ನನ್ನಿಂದಾಗದು.

"ಸುಲಭದ ಆಟ ಇಡು. ಅಪ್ಪ ಒದೀಲಿ, ಗೆಲ್ಲಲಿ, ಕೇಕ್ ತಿನ್ನಲಿ. ಅಷ್ಟೇ," ಎಂದಳು ನನ್ನ ಹೆಂಡತಿ ಮಾರ್ಲಿಸ್.

"ನಿಮ್ಮಪ್ಪನಿಗೆ ಸುಳ್ಳು ಗೆಲುವು ಕೊಡ್ಲಾ? ಎಲ್ಲಾ ನಿಜದ ಹಾಗೇ ಇರಬೇಕು!"

"ನಿಜ ಬೇಕಾ ಡೆಲ್ಮರ್? ಸೂರಿನ ನೀರು ಹೋಗೋ ದೋಣಿ ತುಂಬ ಎಲೆ ಕಟ್ಕೊಂಡಿದೆ. ಏಣಿನೂ ನಿಜವಾದದ್ದೇ!"

ಸೃಷ್ಟಿಕರ್ತರು ಏಣಿ ಹತ್ತುವುದಿಲ್ಲ. ಆಟದಲ್ಲಿ ನಮ್ಮ ಪುಟ್ಟ ಕಾಲೇಜು ಇರಲಿಲ್ಲ, ನಾನೇ ಕಟ್ಟಿದೆ. ಕಡ್ಡಿ ಕಾಲಿನ ಹುಡುಗ ಎಲ್‌ವುಡ್‌ನನ್ನೂ ಸೃಷ್ಟಿಸಿದೆ. ಆಮೇಲೆ ಆಟದಲ್ಲಿ ಏನು ಎಷ್ಟಿರಬೇಕೆಂದು ಹೇಳುವ, ಎಡಕ್ಕೂ ಬಲಕ್ಕೂ ಜಾರಿಸುವ ಗುಂಡಿಗಳಿಗೆ ಕೈಹಾಕಿದೆ. ಪೆಟ್ಟಿನ ಗುಂಡಿಯನ್ನು ತುಸು ಜಾರಿಸಿದ್ದಕ್ಕೆ, ಟಾಸ್ ಹಾಕಲು ಬಂದ ನಾಯಕನೇ ಕುಂಟುತ್ತಾ ಹೊರನಡೆದ! ತಪ್ಪಿನ ಗುಂಡಿ ಮುಟ್ಟಿದೆ, ತೀರ್ಪುಗಾರರು ತಪ್ಪಿಗೊಂದರಂತೆ ಎಸೆದ ಹಳದಿ ಬಟ್ಟೆಗಳಿಂದ ಮೈದಾನವೇ ಬಟ್ಟೆ ಒಣಹಾಕಿದ ಹಿತ್ತಲಾಯಿತು. ಆಯಾಸದ ಗುಂಡಿಗಂತೂ ಇಡೀ ತಂಡ ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟಿತು.

"ಈಗ ನಿಜವಾಗಿ ಕಾಣ್ತಿದೆ. ಥೇಟ್ ನಿನ್ನ ಹಾಗೇ ಇದ್ದಾರೆ," ಎಂದಳು ಮಾರ್ಲಿಸ್.

ಒಂದು ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಹೊಟ್ಟೆಯ ಮೇಲೆ ಬಿದ್ದು ಹಿತವಾಗಿ ತೂಕಡಿಕೆ ಬರುತ್ತಿತ್ತು. ಪರದೆಯ ಮೇಲೆ ಒಂದೇ ಒಂದು ಒಣ ಎಲೆ ಮೈದಾನದುದ್ದಕ್ಕೂ ಮೆಲ್ಲಗೆ ಉರುಳಿಹೋಯಿತು. ಎಂಥ ಚಂದ! ಇನ್ನೊಂದು ಎಲೆ ಹಾರಲಿ ಎಂದು ಗಾಳಿಯ ಗುಂಡಿಯನ್ನು ಜಾರಿಸಿದೆ. ಎಲೆಗಳು ಹಿಂಡುಹಿಂಡಾಗಿ ಎದ್ದವು, ಬಾವುಟಗಳು ಅಲೆಅಲೆಯಾದವು, ಬ್ಯಾಂಡಿನ ಸದ್ದು ಎಲ್ಲೋ ದೂರದಿಂದ ತೇಲಿ ಬಂತು. ನಾನೂ ಆ ಎಲೆಗಳ ಜೊತೆ ತೇಲುತ್ತಾ ನಿದ್ದೆಹೋದೆ. ಎದ್ದಾಗ ಗಾಳಿಯ ವಿಷಯ ತಲೆಯಿಂದ ಪೂರ್ತಿ ಹಾರಿಹೋಗಿತ್ತು.

ಹುಟ್ಟುಹಬ್ಬದ ಶನಿವಾರ ಮಾವ ಗುಂಡಿ ಹಾಕಲಾಗದ ಹಳೆಯ ಕಾಲೇಜು ಜಾಕೆಟ್ ತೊಟ್ಟು ಬಂದರು. ಚಿಲ್ಲಿ ಸಾರು, ದಾಲ್ಚಿನ್ನಿ ರೋಲ್ ಎರಡೂ ಮುಗಿದವು. ನಾನು ಆಟವನ್ನು ನೇರ ಆ ಕೊನೆಯ ಗಳಿಗೆಗೆ ತಂದು ನಿಲ್ಲಿಸಿದೆ. ಕಡ್ಡಿ ಕಾಲಿನ ಹುಡುಗ ಮೈದಾನಕ್ಕೆ ನಡೆದು ಬಂದ.

"ಅದು... ನಾನಾ?" ಎಂದರು ಮಾವ. ಅವರ ದನಿಯೇ ಬದಲಾಗಿತ್ತು. ಕಂಟ್ರೋಲರ್ ಹಿಡಿದು ಪರದೆಯ ಹತ್ತಿರಕ್ಕೆ ಸರಿದರು.

ಒದ್ದರು. ಚೆಂಡು ನೆಟ್ಟಗೆ ಎದ್ದಿತು. ಎಲೆಗಳ ಜೊತೆ ತೇಲುತ್ತಾ ತೇಲುತ್ತಾ ಎಡಕ್ಕೆ ವಾಲಿತು. ಕಂಬದಾಚೆ ಬಿತ್ತು!

ಮಾರ್ಲಿಸ್ ನನ್ನನ್ನು ನೋಡಿದ ನೋಟಕ್ಕೆ ಚಿಲ್ಲಿ ಸಾರು ಹೊಟ್ಟೆಯಲ್ಲೇ ತಣ್ಣಗಾಯಿತು. "ಮಾವ, ತಪ್ಪು ನಂದು! ಗಾಳಿ ಜಾಸ್ತಿ ಇಟ್ಟುಬಿಟ್ಟಿದ್ದೆ! ಈಗಲೇ ತೆಗೀತೀನಿ..."

"ಮುಟ್ಟಿದ್ರೆ ಕೈ ಮುರೀತೀನಿ!" ಮಾವ ಎದ್ದು ನಿಂತಿದ್ದರು. ಕಣ್ಣು ತುಂಬಿತ್ತು, ಮುಖ ತುಂಬ ನಗು. "ಹೀಗೇ ಕಣಯ್ಯ! ಥೇಟ್ ಹೀಗೇ ಹೋಗಿದ್ದು! ಆ ಹೋಟೆಲಿನ ಕತ್ತೆಗಳನ್ನೆಲ್ಲ ಕರಿ!"

ಗೆಳೆಯರೆಲ್ಲ ಬಂದರು. ಒಬ್ಬೊಬ್ಬರೂ ಒದ್ದರು, ಒಬ್ಬೊಬ್ಬರದ್ದೂ ಎಡಕ್ಕೇ ಹೋಯಿತು. ಕೊನೆಗೆ ಮರ್ವಿನ್ ಎಂಬ ಮುದುಕ ಟೋಪಿ ತೆಗೆದು, "ಇಷ್ಟು ವರ್ಷ ನಿನ್ನ ಸುಮ್ಮನೆ ಗೋಳು ಹುಯ್ಕೊಂಡ್ವಲ್ಲೋ ಎಲ್‌ವುಡ್. ಗಾಳೀನೇ ಕಣೋ," ಎಂದ. ಮಾವ ಅವನ ಭುಜ ಹಿಡಿದುಕೊಂಡರು.

ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು!

"ಸರೀರಿ, ಈ ಗಾಳಿಯ ಒಡೆಯ ಹೇಗೆ ಒದೀತಾನೆ ನೋಡಿ!" ಎಂದು ಕಂಟ್ರೋಲರ್ ಕಿತ್ತುಕೊಂಡೆ. ಗಾಳಿಯನ್ನು ಲೆಕ್ಕಹಾಕಿ ಬಲಕ್ಕೆ ಗುರಿಯಿಟ್ಟು ಒದ್ದೆ. ಚೆಂಡು ಬಲಕ್ಕೇ ಹೋಯಿತು. ಕಂಬ ದಾಟಿ, ಬ್ಯಾಂಡಿನ ಡೋಲಿನವನ ತಲೆಗೆ ಬಡಿಯಿತು.

"ಇದು ಯಾವ ಕಡೆಯ ಗಾಳಿ?" ಎಂದಳು ಮಾರ್ಲಿಸ್.

ಸೋಮವಾರ ಹೋಟೆಲಿಗೆ ಹೋಗಿ ಮಾವನ ಪಕ್ಕ ಕೂತೆ. ಕಾಫಿಗಿಂತ ಮೊದಲೇ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿಗಳು ಸರಿದು ಬಂದವು. ನಿಂತದ್ದು ನನ್ನ ಮುಂದೆ. ನಿಲ್ಲಿಸಿದವರು ಸಾಕ್ಷಾತ್ ಮಾವನೇ!

"ಮಾವ, ಅದು ಏನಾಯ್ತು ಅಂದ್ರೆ..." ಎಂದು ಬಾಯಿ ತೆರೆದೆ.

"ಏನು ಬೇಕಾದ್ರೂ ಹೇಳ್ಕೊ ಡೆಲ್ಮರ್," ಎಂದರು ಮಾವ, ಕಾಫಿಗೆ ಸಕ್ಕರೆ ಕದಡುತ್ತಾ. "ಗಾಳಿ ಅಂತ ಮಾತ್ರ ಹೇಳ್ಬೇಡ. ಅದು ನಂದು."